ಆರಿದ್ರೆ ಮಳೇಲಿ ಕಾನ್ಹೇರಿ ಮೆಟ್ಟಿಲು ಬೇಡ

ಪ್ರತಿ ವಾರ ಯಾರಾದ್ರೂ ಒಬ್ರು ಮೆಸೇಜ್ ಹಾಕ್ತಾರೆ, ನೀವು ಮುಂಬೈನ ಬೊರಿವಲಿ ಕಾಡಲ್ಲಿ ಓಡ್ತೀರಂತಲ್ಲ, ಆ ರೂಟ್ ಸ್ವಲ್ಪ ಕಳ್ಸಿ ಅಂತ. ಕಳ್ಸೋಕೆ ನಂಗೇನು ಬೇಜಾರಿಲ್ಲ. ಆದ್ರೆ ಯಾವುದು ಕಳ್ಸ್ಲಿ, ಜನವರಿದಾ, ಮೇ ತಿಂಗಳದ್ದಾ, ಇಲ್ಲಾ ಜುಲೈದಾ? ವಾಚಿನ ಮ್ಯಾಪಲ್ಲಿ ನೋಡಿದ್ರೆ ಮೂರೂ ಒಂದೇ ಗೆರೆ. ಆದ್ರೆ ಜನವರಿ ಮ್ಯಾಪ್ ಇಟ್ಕೊಂಡು ಜುಲೈಲಿ ಹೋದವ್ರ ಕಾಲಿನ ಗತಿ ಏನಾಗತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಆ ಕಾಲು ನಂದೇ.

ನಾನು ಹೊನ್ನಾವರ ಕಡೆಯವಳು, ಮದ್ವೆ ಆಗಿ ಬೊರಿವಲಿಗೆ ಬಂದು 19 ವರ್ಷ ಆಯ್ತು. ಓಡೋಕೆ ಶುರು ಮಾಡಿದ್ದು 37ನೇ ವರ್ಷಕ್ಕೆ, ಶುಗರ್ ಬಾರ್ಡರಲ್ಲಿದೆ ಅಂತ ಡಾಕ್ಟರ್ ಹೆದ್ರಿಸಿದ ಮೇಲೆ. ಮೊದಮೊದ್ಲು ಸೊಸೈಟಿ ಕಂಪೌಂಡೊಳಗೇ ಸುತ್ತೋದು, ವಾಚ್‌ಮನ್ ಪಾಪ ನನ್ನ ರೌಂಡ್ ಎಣ್ಸಿ ಎಣ್ಸಿ ಸುಸ್ತಾಗೋನು, ಆಮೇಲೆ ಹೈವೇ ಪಕ್ಕದ ಸರ್ವಿಸ್ ರೋಡು, ಅಲ್ಲಿ ಬಸ್ಸಿನ ಹೊಗೆ ಕುಡ್ಕೊಂಡು ಆರು ತಿಂಗಳು. ಒಂದಿನ ಸಿಗ್ನಲ್ ಹತ್ರ ನಿಂತು ಅಮ್ಮನ ಜೊತೆ ಫೋನಲ್ಲಿ ಮಾತಾಡ್ತಿದ್ದೆ, ಪಕ್ಕದಲ್ಲಿ ಬನಿಯನ್ ಚಡ್ಡಿಲಿ ಬೆವರು ಒರೆಸ್ಕೊಳ್ತಾ ನಿಂತಿದ್ದ ಹಿರಿಯರೊಬ್ರು "ಕನ್ನಡದವ್ರೇನ್ರಿ? ಈ ಡಾಂಬರ ಮ್ಯಾಲೆ ಓಡಿ ಮೊಣಕಾಲ ಯಾಕ ಸವಸ್ತೀರಿ, ಗೇಟಿನೊಳಗ ಬರ್ರಿ" ಅಂದ್ರು. ಬಿಜಾಪುರ ಕಡೆಯವ್ರು, ರೈಲ್ವೇಲಿದ್ದು ರಿಟೈರ್ ಆದವ್ರು. ಅವತ್ತಿಂದ ಅವ್ರು ನಂಗೆ ಕಾಕಾ, ನಾನು ಅವ್ರಿಗೆ ತಂಗಿ. ಸಂಬಂಧದ ಲೆಕ್ಕ ಹಾಕಿದ್ರೆ ಇದು ತಾಳೆ ಆಗಲ್ಲ, ಆದ್ರೆ ಅವ್ರ ಕಡೆ ಹಂಗೇ ಕರೆಯೋದಂತೆ, ಬಿಟ್ಬಿಡಿ.

ಗೇಟಿನೊಳಗೆ ಅಂದ್ರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಇಲ್ಲಿಯವ್ರ ಬಾಯಲ್ಲಿ ಬರೀ ನ್ಯಾಷನಲ್ ಪಾರ್ಕ್. ಸುಮಾರು 104 ಚದರ ಕಿಲೋಮೀಟರ್ ಕಾಡು, ಈ ಕಡೆ ಬೊರಿವಲಿ ಮಲಾಡು, ಆ ಕಡೆ ಮುಲುಂಡ್ ಠಾಣೆ, ಉತ್ತರಕ್ಕೆ ಹೋದ್ರೆ ವಸಈ ಖಾಡಿ, ಅಂದ್ರೆ ಸಮುದ್ರದ ಹಿನ್ನೀರು. ಊರಿಂದ ಬಂದ ನೆಂಟ್ರು ಪಾರ್ಕ್ ಅಂದ ಕೂಡ್ಲೆ ಬೆಂಚು, ಜಾರುಬಂಡೆ ಅಂದ್ಕೋತಾರೆ. ಅಂಥದ್ದೂ ಇದೆ, ದೋಣಿ, ಸಫಾರಿ ಬಸ್ಸು ಎಲ್ಲಾ ಗೇಟಿನ ಹತ್ರಾನೇ. ಅದನ್ನ ದಾಟಿ ಗಾಂಧಿ ಟೇಕ್ಡಿ ಅನ್ನೋ ಗುಡ್ಡ ಕೂಡ ಹಿಂದೆ ಬಿದ್ಮೇಲೆ ಹೈವೇ ಹಾರ್ನ್ ಸದ್ದು ನಿಧಾನಕ್ಕೆ ಸಾಯತ್ತೆ, ನಿಮ್ಮ ಉಸಿರು ನಿಮಗೇ ಕೇಳ್ಸೋಕೆ ಶುರು ಆಗತ್ತೆ. ಬೆಳಿಗ್ಗೆ ವಾಕಿಂಗ್‌ಗೆ ಬರೋರಿಗೆ ಬೇರೆ ಪಾಸ್ ಇದೆ, ಮಾಡಿಸ್ಕೊಂಡ್ರೆ ದಿನಾ ಟಿಕೆಟ್ ಕ್ಯೂ ತಪ್ಪತ್ತೆ. ಸೋಮವಾರ ಪಾರ್ಕಿಗೆ ರಜೆ, ಭಾನುವಾರದ ಲಾಂಗ್ ರನ್ ಆದ್ಮೇಲೆ ನನ್ನ ಮೊಣಕಾಲಿಗೂ ಅವತ್ತೇ ರಜೆ, ಅನುಕೂಲ ಆಯ್ತು.

ಗೇಟಿಂದ ಬೌದ್ಧ ಭಿಕ್ಷುಗಳ ಕಾಲದ ಕಾನ್ಹೇರಿ ಗುಹೆವರೆಗೆ ಸುಮಾರು 6 ಕಿಲೋಮೀಟರ್, ಹೋಗಿ ಬಂದ್ರೆ 12 ಆಯ್ತು. ಇದು ಟ್ರೇಲೇ ಅಲ್ಲ, ಡಾಂಬರ್ ರೋಡು ಅಂತ ಮೂಗು ಮುರಿಯೋರು ಇದಾರೆ. ಮುರೀಲಿ. ಮೊದಲ ನಾಲ್ಕು ಕಿಲೋಮೀಟರ್ ಏರು ಇದೆಯೋ ಇಲ್ವೋ ಅನ್ನೋ ಥರ ಇರತ್ತೆ, ಜನ ಖುಷಿಲಿ ಸ್ಪೀಡ್ ಹೊಡೀತಾರೆ, ಕೊನೆಗೆ ಗುಹೆ ಕಡೆ ರೋಡು ಮೇಲೆದ್ದಾಗ ಅವ್ರೆಲ್ಲಾ ಸೊಂಟಕ್ಕೆ ಕೈ ಕೊಟ್ಟು ಮರ ನೋಡ್ತಾ ನಿಂತಿರ್ತಾರೆ, ಪಕ್ಷಿ ವೀಕ್ಷಣೆ ಮಾಡೋರ ಥರ. ಕಾಕಾ ಮಾತ್ರ ಏರು ಬಂದ ಕೂಡ್ಲೆ ಓಟ ನಿಲ್ಸಿ ತೊಡೆ ಮೇಲೆ ಕೈ ಊರಿ ನಡೀತಾರೆ, ಬಾವಿಯಿಂದ ಕೊಡ ಹೊತ್ತು ಬರೋರ ಹಾಗೆ, ಒಂದೇ ಲಯ, ನಿಲ್ಲೋದೇ ಇಲ್ಲ. ಅವ್ರಿಗೆ ಈಗ 63, ಇವತ್ತಿನವರೆಗೂ ಆ ಏರಲ್ಲಿ ನಾನು ಅವ್ರನ್ನ ಹಿಂದೆ ಹಾಕಿಲ್ಲ.

ಡಾಂಬರ್ ಬಿಟ್ಟು ಒಳಗಿನ ಕಾಲುದಾರಿಗಳಿಗೆ, ಶಿಲೋಂಡಾ, ಹೈಯೆಸ್ಟ್ ಪಾಯಿಂಟ್ ಇಂಥವಕ್ಕೆ, ಅನುಮತಿ ಬೇಕು, ಜೊತೆಗೆ ಗೈಡ್ ಬೇಕು. ಹೈಯೆಸ್ಟ್ ಪಾಯಿಂಟ್ ಅಂದ್ರೆ ಜಾಂಭುಳ್‌ಮಾಳ್, 468 ಮೀಟರ್. ಹೆಸರಲ್ಲೇ ನೇರಳೆ ಇದೆ ನೋಡಿ, ಮರಾಠಿಲಿ ಜಾಂಭುಳ್ ಅಂದ್ರೆ ನೇರಳೆಹಣ್ಣು. ನಾನು ಒಂದ್ಸಲ ಬುದ್ಧಿ ಇಲ್ದೆ, ಯಾವನೋ ಆ್ಯಪಲ್ಲಿ ಹಾಕಿದ್ದ ಗೆರೆ ಹಿಡ್ಕೊಂಡು ರೋಡ್ ಬಿಟ್ಟು ಒಳಗೆ ಹೋಗಿದ್ದೆ, ಅರ್ಧ ಕಿಲೋಮೀಟರ್ ಹೋಗೋದ್ರೊಳಗೆ ಫಾರೆಸ್ಟ್ ಗಾರ್ಡ್ ಸಿಕ್ಕಿ, ತಾಯಿ ಈ ದಾರೀಲಿ ನಾನೇ ಒಬ್ನೇ ಬರಲ್ಲ ನೀವೆಲ್ಲಿಗೆ ಹೊರಟ್ರಿ ಅಂತ ಮರಾಠಿಲಿ ಕೇಳಿ ವಾಪಸ್ ರೋಡಿಗೆ ತಂದು ಬಿಟ್ಟ. ತಪ್ಪು ನಂದೇ. ಆ್ಯಪಲ್ಲಿ ಗೆರೆ ಇದೆ ಅಂದ್ರೆ ಯಾರೋ ಒಬ್ರು ಅಲ್ಲಿ ನಡೆದಿದಾರೆ ಅಂತ ಅಷ್ಟೇ, ಅವ್ರನ್ನೂ ಅವತ್ತು ಯಾರೋ ಬೈದಿರಬಹುದು.

ಈಗ ಮಳೆ ವಿಷಯಕ್ಕೆ ಬರ್ತೀನಿ, ನಿಜವಾಗ್ಲೂ ಹೇಳ್ಬೇಕು ಅಂತ ಕೂತಿದ್ದು ಇದನ್ನ.

ನಮ್ಮಮ್ಮ ಜೂನ್ ಜುಲೈ ಅಂತ ಹೇಳೋದನ್ನ ನಾನು ಕೇಳೇ ಇಲ್ಲ. ಅವಳದ್ದು ಏನಿದ್ರೂ ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ಫೋನ್ ಮಾಡಿದ್ರೆ ಮೊದಲ ಪ್ರಶ್ನೆ "ಆರಿದ್ರೆ ಹಿಡೀತಾ ಅಲ್ಲಿ?" ಅಂತ, ಆಮೇಲೆ ಮೊಮ್ಮಕ್ಕಳು. ಮೊದ್ಲೆಲ್ಲಾ ನಗ್ತಿದ್ದೆ. ಕಾಡಲ್ಲಿ ಎರಡು ಮಳೆಗಾಲ ಓಡಿದ್ಮೇಲೆ ನನ್ನ ರನ್ನಿಂಗ್ ಡೈರೀಲೂ ಅದೇ ಹೆಸರು ಬಂದ್ವು, ಯಾಕಂದ್ರೆ ತಿಂಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ, ಎರಡು ವಾರಕ್ಕೊಮ್ಮೆ ನೆಲ ಬದಲಾಗತ್ತೆ, ಆ ನಕ್ಷತ್ರದ ಮಳೆಗಳೂ ಎರಡು ವಾರದ್ದೇ.

ಜೂನ್ ಎರಡನೇ ವಾರದ ಮೃಗಶಿರ ನಂಗೆ ಇಡೀ ವರ್ಷದಲ್ಲೇ ಇಷ್ಟ. ಮಣ್ಣು ಇನ್ನೂ ಗಟ್ಟಿ ಇರತ್ತೆ, ಮೇಲಿನ ಧೂಳು ಮಾತ್ರ ಕೂತಿರತ್ತೆ, ಕಾಲಿಗೆ ಒಳ್ಳೆ ಹಿಡಿತ. ಆಮೇಲೆ ಜೂನ್ 21, 22ರ ಸುಮಾರಿಗೆ ಆರಿದ್ರೆ ಕೂರತ್ತೆ ನೋಡಿ, ಅಲ್ಲಿಗೆ ಕಥೆ ಬೇರೆ. ಈ ಗುಡ್ಡೆಗಳೆಲ್ಲಾ ಕರಿ ಕಲ್ಲು, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಹರಿದು ಆಗಿದ್ದು, ಕಾನ್ಹೇರಿ ಹೆಸರೇ ಕೃಷ್ಣಗಿರಿ ಅನ್ನೋದ್ರಿಂದ ಬಂತು ಅಂತಾರೆ. ಒಣಗಿದ್ದಾಗ ಈ ಕಲ್ಲು ಉಪ್ಪುಕಾಗದದ ಥರ ಒರಟು, ಶೂ ಅಂಟ್ಕೊಂಡು ನಿಲ್ಲತ್ತೆ. ಎರಡು ವಾರ ಸತತ ಮಳೆ ಬಿದ್ದು ಅದರ ಮೇಲೆ ತೆಳ್ಳಗೆ ಪಾಚಿ ಹಿಡಿದ್ರೆ ಎಣ್ಣೆ ಸವರಿದ ಹಾಗೆ. ಆ ಪಾಚಿ ಕಣ್ಣಿಗೆ ಕಾಣೋದೂ ಇಲ್ಲ, ಹಸಿರಾಗೋ ಮುಂಚೆನೇ ಜಾರತ್ತೆ.

ನಾಲ್ಕು ವರ್ಷದ ಹಿಂದೆ ಆರಿದ್ರೆಲಿ ಒಂದು ಭಾನುವಾರ ಲೇಟಾಗಿ ಹೊರಟಿದ್ವಿ. ಗುಹೆ ಗೇಟು ತೆಗೆದಿತ್ತು, ಟಿಕೆಟ್ ತಗೊಂಡು ಮೇಲಿನ ಮೆಟ್ಟಿಲು ಓಡಿ ಹತ್ತೋಣ ಅಂತ ನಂದೇ ಐಡಿಯಾ. ಹೊಸ ಟ್ರೇಲ್ ಶೂ ಬೇರೆ, ಅಡಿಗೆ ಐದು ಮಿಲಿಮೀಟರ್ ಹಲ್ಲು, ಅಂಗಡಿಯವನು ಇದು ಎಲ್ಲಿ ಬೇಕಾದ್ರೂ ಹಿಡಿಯತ್ತೆ ಮೇಡಂ ಅಂದಿದ್ದ. ಹಲ್ಲು ಕಚ್ಚೋದು ಮಣ್ಣನ್ನ, ಕಲ್ಲನ್ನ ಅಲ್ಲ, ಆ ಬುದ್ಧಿ ನಂಗೆ ಹತ್ತೋವಾಗ ಬರ್ಲಿಲ್ಲ. "ನಿಧಾನ ತಂಗಿ, ಹಾಂವ್ಸಿ ಐತಿ" ಅಂತ ಕಾಕಾ ಹಿಂದಿಂದ ಕೂಗಿದ್ರು, ಅವ್ರ ಕಡೆ ಪಾಚಿಗೆ ಹಾಂವ್ಸಿ ಅಂತಾರೆ ಅಂತ ನಂಗೆ ಗೊತ್ತಾಗಿದ್ದು ಬಿದ್ದ ಮೇಲೆ. ಇಳಿಯೋವಾಗ ನಾಲ್ಕನೇ ಮೆಟ್ಟಿಲಲ್ಲೋ ಐದನೇದ್ರಲ್ಲೋ ಎಡಗಾಲು ಜಾರಿ ಹಿಮ್ಮಡಿ ಗಂಟು ಹೊರಳಿತು. ಸದ್ದು ಕೇಳಿಸ್ತು. ಆ ಸದ್ದು ಬರೆಯೋಕೆ ಹೋಗಲ್ಲ.

ಕಾಕಾ ನನ್ನ ಎತ್ತಿ ಹತ್ರದ ಗುಹೆ ಕಟ್ಟೆ ಮೇಲೆ ಕೂರಿಸಿ ಕಾಲು ಮೇಲಿಟ್ಟು ತಮ್ಮ ಟವೆಲ್ ನೆನೆಸಿ ಬಿಗಿಯಾಗಿ ಸುತ್ತಿದ್ರು. ಹೊರಗೆ ಧೋ ಅಂತ ಮಳೆ, ನೀರು ಕಲ್ಲಲ್ಲಿ ಕೊರೆದ ಕಾಲುವೇಲಿ ಹರಿದು ತೊಟ್ಟಿಗೆ ಬೀಳ್ತಿತ್ತು, ಎರಡು ಸಾವಿರ ವರ್ಷದ ಹಿಂದೆ ಭಿಕ್ಷುಗಳು ಮಾಡ್ಕೊಂಡ ವ್ಯವಸ್ಥೆ, ಇವತ್ತಿಗೂ ನೀರು ಅದೇ ದಾರೀಲಿ ಹೋಗತ್ತೆ. ನಾನು ಅಳೋ ಹಂಗಾಗಿದ್ದೆ, ಅದಕ್ಕೋ ಏನೋ ಕಾಕಾ ಮಾತು ಬದಲಾಯಿಸಿ, ಇಲ್ಲಿ ನಮ್ಮ ರಾಜನ ಹೆಸರು ಕೊರದೈತಿ ಗೊತ್ತೇನು ಅಂದ್ರು. ಯಾವ ರಾಜ ಅಂದೆ. ಅಮೋಘವರ್ಷ, ಅಂದ್ರ ನೃಪತುಂಗ. ಒಂಬತ್ತನೇ ಶತಮಾನದಲ್ಲಿ ಈ ಕೊಂಕಣ ರಾಷ್ಟ್ರಕೂಟರ ಕೈಲಿತ್ತು, ಅವ್ರ ಕೆಳಗೆ ಶಿಲಾಹಾರರು ಆಳ್ತಿದ್ರು, ಅವ್ರು ಇಲ್ಲಿ ಬರೆಸಿದ ದಾನಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. "ನಮ್ಮ ಮನಿಯಾಕಿ ತವರು ಮಳಖೇಡದ ಬಾಜೂಕ, ಅಂವನ ರಾಜಧಾನಿ ಅದ, ಅಂದ್ರ ನನಗ ಇದು ಬೀಗರ ಮನಿ ಇದ್ದಂಗ" ಅಂದ್ರು. ಅಷ್ಟು ನೋವಲ್ಲೂ ನಗು ಬಂತು. ಇಷ್ಟು ವರ್ಷ ಬೊರಿವಲಿಲಿದ್ದೂ ಈ ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ಕಾಲು ಮುರ್ಕೊಂಡಿದ್ದಕ್ಕೆ ಗೊತ್ತಾಯ್ತು. ಮುರಿದಿರ್ಲಿಲ್ಲ ಆಮೇಲೆ, ಲಿಗಮೆಂಟ್ ಹರಿದಿತ್ತು, ಏಳು ವಾರ.

ಹಂಗಾಗಿ ಆರಿದ್ರೆಯಿಂದ ಆಶ್ಲೇಷದ ತನಕ, ಅಂದ್ರೆ ಆಗಸ್ಟ್ ಅರ್ಧದವರೆಗೆ, ನಂದು ಬರೀ ಡಾಂಬರ್ ರೋಡು. ಮೂಗು ಮುರಿಯೋರಿಗೆ ಉತ್ತರ ಸಿಕ್ತಲ್ಲ. ಹಳ್ಳ ದಾಟೋ ಜಾಗದಲ್ಲಿ ನೀರು ರೋಡ್ ಮೇಲೆ ಬಂದಿದ್ರೆ ಅಲ್ಲಿಂದಾನೇ ವಾಪಸ್. ದಹಿಸರ್ ನದಿ ಈ ಕಾಡಲ್ಲೇ ಹುಟ್ಟೋದು. ಕೆಳಗೆ ಊರಲ್ಲಿ ಅದನ್ನ ಜನ ನಾಲಾ ಅಂತಾರೆ, ಮೂಗು ಮುಚ್ಕೊಂಡು ದಾಟ್ತಾರೆ, ಇಲ್ಲಿ ಅದು ಹಿಮ್ಮಡಿವರೆಗೆ ತಿಳಿನೀರು, ಬೆಣಚು ಕಾಣ್ಸತ್ತೆ, ನೋಡಿದ್ರೆ ನಂಗೆ ನಮ್ಮೂರ ಹಳ್ಳಾನೇ ನೆನಪಾಗತ್ತೆ. ಆದ್ರೆ ಮೇಲೆ ಎಲ್ಲೋ ಮಳೆ ಹೊಡೆದ್ರೆ ಅದೇ ತಿಳಿನೀರು ಹತ್ತು ನಿಮಿಷದಲ್ಲಿ ಕೆಂಪಾಗಿ ಮೊಣಕಾಲಿಗೆ ಬರತ್ತೆ. ನೀರು ಕೆಂಪಾದ್ರೆ ದಾಟಬಾರದು ಅಂತ ಹಳ್ಳದ ಪಕ್ಕ ಬೆಳೆದವ್ರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಕಟ್ಟಡದಲ್ಲಿ ಬೆಳೆದ ಮಕ್ಕಳಿಗೆ ಹೇಳ್ಬೇಕಾಗತ್ತೆ. ಇನ್ನೊಂದು, ಕಾಲಲ್ಲಿ ಗಾಯ ಇದ್ದಾಗ ಊರೊಳಗಿನ ನಿಂತ ನೀರಲ್ಲಿ ಓಡ್ಬೇಡಿ, ಇಲಿ ಉಚ್ಚೆಯಿಂದ ಲೆಪ್ಟೋ ಅನ್ನೋ ಜ್ವರ ಬರತ್ತೆ, ಮುಂಬೈಲಿ ಪ್ರತಿ ಮಳೆಗಾಲಕ್ಕೂ ಇದ್ದಿದ್ದೇ. ಓಡೇ ಬಿಟ್ರಿ ಅಂದ್ರೆ 72 ಗಂಟೆ ಒಳಗೆ ಡಾಕ್ಟರ್ ಹತ್ರ ಹೋಗಿ ಮಾತ್ರೆ ಕೇಳಿ, ಜ್ವರ ಬರ್ಲಿ ನೋಡೋಣ ಅಂತ ಕೂರ್ಬೇಡಿ.

ಹುಬ್ಬ, ಉತ್ತರೆ ಮಳೆ ಹೊತ್ತಿಗೆ, ಅಂದ್ರೆ ಸೆಪ್ಟೆಂಬರಲ್ಲಿ, ಮತ್ತೆ ಜೀವ ಬರತ್ತೆ. 2024ರ ಆ ದಿನಗಳನ್ನ ನಾನು ಸಾಯೋವರೆಗೂ ಮರೆಯಲ್ಲ, ಆ ವರ್ಷ ಕಾರ್ವಿ ಹೂ ಬಿಟ್ಟಿತ್ತು. ಎಂಟು ವರ್ಷಕ್ಕೊಮ್ಮೆ ಬಿಡೋ ಹೂ, ಅದಕ್ಕೂ ಹಿಂದಿನದು 2016, ಆಗ ನಾನು ಓಡೋದಿರ್ಲಿ, ಗೇಟಿನೊಳಗೆ ಬೋಟಿಂಗ್ ದಾಟಿ ಹೋಗಿರ್ಲಿಲ್ಲ. ನಮ್ಮ ಕಡೆ ಘಟ್ಟದವ್ರು ಗುರಿಗೆ ಅಂತಾರಲ್ಲ, ಅದೇ ಜಾತಿ. ಇಡೀ ಇಳಿಜಾರು ನೇರಳೆ ಬಣ್ಣ, ಜೇನುಹುಳದ ಗುಂಯ್ ಅನ್ನೋ ಶಬ್ದ ದೂರದಿಂದಾನೇ ಕೇಳ್ಸತ್ತೆ. ಹೂ ಬಿಟ್ಟು ಬೀಜ ಕಟ್ಟಿ ಗಿಡ ಸಾಯತ್ತೆ. ಅವತ್ತಿನ ನನ್ನ ವಾಚ್ ರೆಕಾರ್ಡ್ ನೋಡಿದ್ರೆ ಕಿಲೋಮೀಟರಿಗೆ 14 ನಿಮಿಷ ಅಂತ ಇದೆ, ಕಾಕಾದು 15. ಮುಂದಿನ ಸಲ 2032, ಕಾಕಾ ಎಷ್ಟು ವಯಸ್ಸಾಗತ್ತೆ ಅಂತ ಲೆಕ್ಕ ಹಾಕ್ತಿದ್ರು, ನಾನು ಬೇಕಂತ್ಲೇ ಮಾತು ಮರೆಸಿದೆ.

ಚಿರತೆ ಬಗ್ಗೆ ಎಲ್ರೂ ಕೇಳ್ತಾರೆ. ಇದಾವೆ. 2018ರ ಕ್ಯಾಮೆರಾ ಟ್ರ್ಯಾಪ್ ಎಣಿಕೇಲಿ ಪಾರ್ಕ್ ಮತ್ತು ಸುತ್ತಮುತ್ತ 47 ಚಿರತೆ ಸಿಕ್ಕಿದ್ವು. ನಾನು ಇಷ್ಟು ವರ್ಷದಲ್ಲಿ ಒಂದೇ ಸಲ ನೋಡಿದ್ದು, ಅದೂ ಬಾಲ ಮಾತ್ರ, ರೋಡ್ ದಾಟಿ ಹೋಗ್ತಿದ್ದ ಬಾಲ. ಅದು ನನ್ನ ಎಷ್ಟು ಸಲ ನೋಡಿದೆಯೋ. ಬೆಳಕಾಗೋ ಮುಂಚೆ ಓಡಲ್ಲ, ಒಬ್ಳೇ ಓಡಲ್ಲ, ಕಿವಿಗೆ ಇಯರ್‌ಫೋನ್ ಹಾಕಲ್ಲ, ಶೂ ಲೇಸ್ ಕಟ್ಟೋಕೆ ಪೊದೆ ಪಕ್ಕ ಕುಕ್ಕರುಗಾಲಲ್ಲಿ ಕೂರಲ್ಲ, ಯಾಕಂದ್ರೆ ಕೂತ್ರೆ ನಾವು ಅದರ ಕಣ್ಣಿಗೆ ಮನುಷ್ಯರಾಗಿ ಕಾಣಲ್ಲ, ನಾಯಿ ಗಾತ್ರದ್ದೇನೋ ಆಗ್ತೀವಿ. ಕಾಡೊಳಗಿನ ಪಾಡಾಗಳಲ್ಲಿ, ಅಂದ್ರೆ ಸಣ್ಣ ಹಾಡಿಗಳಲ್ಲಿ, ವಾರ್ಲಿ ಆದಿವಾಸಿ ಜನ ಇದನ್ನ ವಾಘೋಬಾ ಅಂತ ಪೂಜೆ ಮಾಡ್ತಾರೆ, ನಮ್ಮ ಉತ್ತರ ಕನ್ನಡದಲ್ಲಿ ಹುಲಿದೇವ್ರು ಇದ್ದ ಹಾಗೆ. ನಾನೂ ಮನಸಲ್ಲೇ ಕೈ ಮುಗಿದು ಹೋಗ್ತೀನಿ, ಮನೆಯವ್ರಿಗೆ ಹೇಳಿಲ್ಲ. ನಿಜ ಹೇಳ್ಬೇಕಂದ್ರೆ ತೊಂದ್ರೆ ಕೊಡೋದು ಮಂಗಗಳು. ಒಂದ್ಸಲ ಮುರುಗಲ ಹಣ್ಣಿನ ಶರಬತ್ತು, ಉಪ್ಪು ಬೆಲ್ಲ ಹಾಕಿ ಅಮ್ಮನ ಮನೆ ಸಿಪ್ಪೆಯಿಂದ ಮಾಡಿದ್ದು, ಬಾಟ್ಲಿ ಸಮೇತ ಕಿತ್ಕೊಂಡು ಮರ ಹತ್ತಿ ಕೂತು ಮುಚ್ಚಳ ತಿರುಗಿಸಿ ಕುಡೀತು, ತಿರುಗಿಸಿ! ಮುಂಬೈ ಸೆಖೆಗೆ ಆ ಮುರುಗಲ ನೀರಿನಷ್ಟು ಕೆಲಸ ಮಾಡೋದು ಯಾವ ಬಣ್ಣದ ಪುಡಿನೂ ಇಲ್ಲ, ಬೆವರಲ್ಲಿ ಹೋಗೋದು ಉಪ್ಪು, ಬರೀ ನೀರು ಕುಡಿದ್ರೆ ತಲೆ ತಿರುಗತ್ತೆ.

ಬೇರೆ ಜಾಗಗಳೂ ಇವೆ, ಬೇಗ ಹೇಳಿ ಮುಗಿಸ್ತೀನಿ. ಠಾಣೆ ಕಡೆಯವ್ರು ಉಪವನ್ ಕೆರೆಯಿಂದ ಯೇವೂರು ಗುಡ್ಡ ಹತ್ತಿ, ಅದೇ ಕಾಡಿನ ಇನ್ನೊಂದು ಬಾಗಿಲು, ಸುತ್ತು ಸುತ್ತಿ ಏರೋ ರೋಡು, ತೊಡೆಗೆ ಒಳ್ಳೆ ಕೆಲಸ, ಮಳೆಗಾಲದಲ್ಲಿ ಮಾತ್ರ ಝರಿ ಕಡೆ ಪೊಲೀಸರು ಬಿಡಲ್ಲ, ವಾದ ಮಾಡೋಕೆ ಹೋಗ್ಬೇಡಿ. ಕರ್ನಾಳಾ ಓಡೋ ಜಾಗ ಅಲ್ಲ ಅಂತ ನನ್ನ ಅಭಿಪ್ರಾಯ, ಮುಂಬೈ ಗೋವಾ ಹೈವೇ ಪಕ್ಕದ ಪಕ್ಷಿಧಾಮ, ಹೆಬ್ಬೆರಳಿನ ಥರ ನೆಟ್ಟಗೆ ನಿಂತ ಕಲ್ಲು, ಅದರ ತುಂಬ ಹೆಜ್ಜೇನು. ಕೂಗಾಡೋ ಗುಂಪಿನ ಜೊತೆ ಹೋದ್ರೆ ದೇವ್ರೇ ಗತಿ.

ಮಾಥೇರಾನ್ ಮಾತ್ರ ಬೇರೆ ಲೆವೆಲ್ಲು. ಸುಮಾರು 800 ಮೀಟರ್ ಎತ್ತರ, ಊರೊಳಗೆ ಕಾರಿಗೆ ಪ್ರವೇಶ ಇಲ್ಲ, ದಸ್ತೂರಿ ನಾಕಾದಲ್ಲೇ ಗಾಡಿ ಬಿಟ್ಟು ನಡೀಬೇಕು. ನೆಲ ಪೂರ್ತಿ ಕೆಂಪು. ಮೊದಲ ಸಲ ಹೋದಾಗ ನಾನು ಬಗ್ಗಿ ಒಂದು ಕಲ್ಲು ಎತ್ತಿ ನೋಡ್ದೆ, ನಮ್ಮನೆ ಗೋಡೆಯ ಚಿರೇಕಲ್ಲೇ, ಅದೇ ತೂತು ತೂತು. ಬೊರಿವಲಿಯ ಕರಿಕಲ್ಲಲ್ಲಿ ಎರಡು ವರ್ಷ ಒದ್ದಾಡಿದ ಕಾಲು ಆ ಕೆಂಪು ನೆಲದ ಮೇಲೆ ತಾನಾಗೇ ಓಡ್ತು, ಚಿಕ್ಕವಳಿದ್ದಾಗ ಶಾಲೆಗೆ ಗುಡ್ಡೆ ದಾಟಿ ಓಡಿದ ಕಾಲಲ್ವಾ, ಅದಕ್ಕೆ ನೆನಪಿತ್ತು. ಸೂರ್ಯ ಹುಟ್ಟೋ ಹೊತ್ತಿಗೆ ಪನೋರಮಾ ಪಾಯಿಂಟ್, ಅಲ್ಲಿಂದ ಮಾರ್ಕೆಟ್ ದಾಟಿ ಶಾರ್ಲೆಟ್ ಕೆರೆ, ಲೂಯಿಸಾ ಪಾಯಿಂಟ್, ಬಹುಪಾಲು ಮರದ ನೆರಳಲ್ಲೇ. ಬೇರು ನೋಡ್ಕೊಳ್ಳಿ, ಕೆಂಪು ಮಣ್ಣಿನ ಮೇಲೆ ಬೇರೂ ಕೆಂಪಗೇ ಇರತ್ತೆ. ಕಣ್ಣು ಕಾಲ ಬುಡದಲ್ಲಿ ಇಡ್ಬೇಡಿ, ಮೂರು ನಾಲ್ಕು ಹೆಜ್ಜೆ ಮುಂದೆ ಇರ್ಲಿ, ಇಳಿಯೋವಾಗ ಸಣ್ಣ ಸಣ್ಣ ಹೆಜ್ಜೆ, ಹಿಮ್ಮಡಿ ಊರಿ ಬ್ರೇಕ್ ಹಾಕಿದ್ರೆ ಮಾರನೇ ದಿನ ಮೆಟ್ಟಿಲಿಳಿಯೋಕೆ ಗೋಡೆ ಹಿಡೀಬೇಕಾಗತ್ತೆ. ಬಿಳಿ ಸಾಕ್ಸ್ ಹಾಕ್ಕೊಂಡು ಹೋದ್ರೆ ಅದು ಮತ್ತೆ ಬಿಳಿ ಆಗಲ್ಲ, ಮನೇಲಿ ಬೈಸ್ಕೊಂಡಿದೀನಿ. ನೇರಳದಿಂದ ಪುಟಾಣಿ ರೈಲು ಇದೆ, 1907ರದ್ದು, 21 ಕಿಲೋಮೀಟರ್ ತಿರುಗಿ ತಿರುಗಿ ಹತ್ತತ್ತೆ, ಕಾಕಾ ರೈಲ್ವೇಯವ್ರಲ್ವಾ, ಓಡೋಕೆ ಅಂತ ಕರ್ಕೊಂಡು ಹೋದ್ರೆ ಅವ್ರು ಹಳಿ ಗೇಜು ನೋಡ್ತಾ ಕೂತ್ರು.

ನಿನ್ನೆ ಅಮ್ಮ ಫೋನ್ ಮಾಡಿದ್ಳು. "ಹಸ್ತ ಹುಟ್ತು, ಇನ್ನು ಮಧ್ಯಾಹ್ನದ ಮೇಲೆ ಗುಡುಗು, ಬೆಳಿಗ್ಗೆ ಎಂತ ತೊಂದ್ರೆ ಇಲ್ಲ, ಓಡು" ಅಂದ್ಳು, ಹವಾಮಾನ ಇಲಾಖೆಗಿಂತ ಗಟ್ಟಿಯಾಗಿ. ಪಾಚಿ ಒಣಗೋಕೆ ಇನ್ನೊಂದು ವಾರ ಬೇಕು ಅಂತ ನನ್ನ ಲೆಕ್ಕ, ಆದ್ರೂ ಕಾಕಾಗೆ ಮೆಸೇಜ್ ಹಾಕಿದೆ, ಭಾನುವಾರ ಕಾನ್ಹೇರಿ, ಈ ಸಲ ಮೆಟ್ಟಿಲೂ ನೋಡೋಣ್ವಾ ಅಂತ. ರಾತ್ರಿ ಹತ್ತಕ್ಕೆ ಉತ್ತರ ಬಂತು: "ಮೆಟ್ಟಲಾ ಬ್ಯಾಡ. ಬಾಳೆಹಣ್ಣ ನಾ ತರ್ತೀನಿ, ನೀ ಗಂಜಿ ಕುಡದ ಬಾ. ಟವೆಲ್ ಇಟ್ಕೊಂಡೇನಿ."